ಎದ್ದು ನಿಂತರೂ ಕೆಂಪು ಲೈಟ್: ಸ್ಕ್ವಾಟ್ ಆಳ, ಕಮಾಂಡ್, ಕಾರ್ಡ್ ಬಗ್ಗೆ ನಮ್ಮ ಜಿಲ್ಲೆಯವರ ಚರ್ಚೆ

ಕಾಳಿ ಸೇತುವೆ – ಕಾರವಾರ

ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಮ್ಮ ಕೋಡಿಬಾಗ ಕಡೆಯ ಹುಡುಗ ಒಬ್ಬ ಮೊನ್ನೆ ಮೊದಲ ದೊಡ್ಡ ಪವರ್‌ಲಿಫ್ಟಿಂಗ್ ಮೀಟ್‌ಗೆ ಹೋಗಿದ್ದ. 66 ಕೆಜಿ ವಿಭಾಗ. ಜಿಮ್‌ನಲ್ಲಿ 170 ಸ್ಕ್ವಾಟ್ ಆರಾಮಾಗಿ ಹೊಡೆಯುತ್ತಾನೆ. ಅಲ್ಲಿ 155ಕ್ಕೆ ಶುರು ಮಾಡಿದ. ಮೂರು ಸಲವೂ ಭಾರ ಹೊತ್ತು ಕೂತ, ಮೂರು ಸಲವೂ ಎದ್ದ. ಮೂರು ಸಲವೂ ಕೆಂಪು ಲೈಟ್. ಸ್ಕ್ವಾಟ್‌ನಲ್ಲಿ ಒಂದೂ ಸಿಗದಿದ್ದರೆ ಟೋಟಲ್ (ಸ್ಕ್ವಾಟ್, ಮಲಗಿ ಒತ್ತುವ ಬೆಂಚ್, ನೆಲದಿಂದ ಎತ್ತುವ ಡೆಡ್‌ಲಿಫ್ಟ್ ಮೂರರ ಒಟ್ಟು ಭಾರ) ಇಲ್ಲ, ಗೊತ್ತಲ್ವಾ. ಬೆಂಚ್, ಡೆಡ್‌ಲಿಫ್ಟ್ ಎಷ್ಟು ಎತ್ತಿದರೂ ಟೋಟಲ್ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ವಿಡಿಯೋ ನನ್ನ ಹತ್ತಿರ ಇದೆ. ನೋಡಿದವರೆಲ್ಲ "ಆಳ ಸರಿಯಾಗೇ ಹೋಗಿದ್ದಾನೆ" ಅಂತಾರೆ. ದೊಡ್ಡ ಊರಿನ ಜಿಮ್‌ನವರಿಗೆ ಬಿಳಿ, ಕರಾವಳಿಯಿಂದ ಬಸ್ಸು ಹತ್ತಿ ಹೋದವರಿಗೆ ಕೆಂಪು. ಇದಕ್ಕೆ ನಿಯಮ ಅಂತ ಏನಾದರೂ ಇದೆಯಾ, ಅಥವಾ ರೆಫರಿ ಮನಸ್ಸಿಗೆ ಬಂದದ್ದೇ ನಿಯಮವಾ?

ಹಳಿಯಾಳ ಮಣ್ಣು

ನಾನು ಕುಸ್ತಿ ಕಡೆಯವನು. ಪಾಯಿಂಟ್ ಗಲಾಟೆ ನಮ್ಮಲ್ಲೂ ಇದ್ದದ್ದೇ. ಆದರೆ ಚಿತ್ ಆದದ್ದು ಅಖಾಡದ ಸುತ್ತ ಕೂತ ಮಕ್ಕಳಿಗೂ ಕಾಣುತ್ತದೆ. ನಿಮ್ಮಲ್ಲಿ ಒಂದೂವರೆ ಕ್ವಿಂಟಾಲ್ ಹೊತ್ತು ಎದ್ದು ನಿಂತವನೂ ಫೇಲ್ ಅಂದರೆ ಇದೆಂಥ ಆಟ ಮಾರಾಯ?

ಘಟ್ಟದ ಮೇಲೆ – ಶಿರಸಿ

ಕಾಳಿ ಸೇತುವೆ ಅವರೇ, ರಾಜ್ಯ ಮಟ್ಟದಲ್ಲಿ ರೆಫರಿ ಕುರ್ಚಿಯಲ್ಲಿ ಕೂತವನು ನಾನು. ನಿಮ್ಮ ಮೀಟ್‌ನಲ್ಲಿ ಇರಲಿಲ್ಲ, ಹಾಗಾಗಿ ತೀರ್ಪು ಸರಿಯೋ ತಪ್ಪೋ ಹೇಳಲಾರೆ. ಎರಡು ವಿಷಯ ಹೇಳಿ. ಕೆಂಪು ಲೈಟ್ ಬಿದ್ದ ಮೇಲೆ ಕಾರಣ ತಿಳಿಸಲು ಯಾವ ಬಣ್ಣದ ಕಾರ್ಡ್ ತೋರಿಸಿದರು? ನಿಮ್ಮ ಫೋನ್ ಎಲ್ಲಿತ್ತು?

ಕಾಳಿ ಸೇತುವೆ – ಕಾರವಾರ

ಮೊದಲ ಸಲ ಇಬ್ಬರು ಕೆಂಪು ಕಾರ್ಡ್, ಒಬ್ಬರದ್ದು ಬಿಳಿ ಲೈಟ್. ಎರಡನೇ ಸಲ ಮೂವರೂ ಕೆಂಪು ಕಾರ್ಡ್. ಮೂರನೇ ಸಲ ಒಬ್ಬರು ಬಿಳಿ, ಇಬ್ಬರು ಹಳದಿ ಕಾರ್ಡ್. ನಾನು ಮುಂದಿನ ಸಾಲಿನ ಎದುರು ನೆಲದ ಮೇಲೆ ಕೂತಿದ್ದೆ. ಬ್ಯಾಗಿಗೆ ಫೋನ್ ಒರಗಿಸಿ ಇಟ್ಟಿದ್ದೆ. ಪೂರ್ತಿ ಎದುರಿನಿಂದಲೇ, ಏನೂ ಅಡ್ಡ ಬಂದಿಲ್ಲ.

ಘಟ್ಟದ ಮೇಲೆ – ಶಿರಸಿ

ಹಾಗಾದರೆ ಅರ್ಧ ಉತ್ತರ ನಿಮ್ಮ ಫೋನಿನಲ್ಲೇ ಇದೆ.

ಐಪಿಎಫ್ (ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ) ನಿಯಮ ಹೀಗಿದೆ: ಸೊಂಟದ ಕೀಲಿನ ಹತ್ತಿರ ತೊಡೆಯ ಮೇಲ್ಭಾಗ ಎಲ್ಲಿದೆಯೋ ಆ ಜಾಗ ಮಂಡಿಯ ತುದಿಗಿಂತ ಕೆಳಗೆ ಹೋಗಬೇಕು. ಸಮ ಆದರೆ ಸಾಲದು, ಕೆಳಗೆ ಹೋಗಬೇಕು. ಜಿಮ್‌ನಲ್ಲಿ ಎಲ್ಲರೂ "ಪ್ಯಾರಲಲ್" ಅಂತಾರೆ. ಪ್ಯಾರಲಲ್‌ಗೆ ಕೆಂಪು ಕಾರ್ಡೇ. ತೊಡೆಯ ಅಡಿಭಾಗವನ್ನೂ ಪೃಷ್ಠವನ್ನೂ ಯಾರೂ ನೋಡುವುದಿಲ್ಲ. ನೋಡುವುದು ತೊಡೆ ಮತ್ತು ಹೊಟ್ಟೆ ಸೇರುವಲ್ಲಿ ಮೈಗಂಟಿದ ಲಿಫ್ಟಿಂಗ್ ಸೂಟ್ ಮಡಿಚಿಕೊಳ್ಳುವ ಆ ಗೆರೆಯನ್ನು.

ಈಗ ನೆಲದ ಮೇಲೆ, ಎದುರಿಗೆ ಇಟ್ಟ ಕ್ಯಾಮರಾ ಯೋಚನೆ ಮಾಡಿ. ಅದು ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ಹತ್ತಿರ ಇರುವ ಮಂಡಿ ಚಿತ್ರದಲ್ಲಿ ಎತ್ತರ ಕಾಣುತ್ತದೆ, ಹಿಂದಿರುವ ಸೊಂಟ ತಗ್ಗಿ ಕಾಣುತ್ತದೆ. ಒಂದಿಂಚು ಮೇಲೆ ನಿಂತ ಸ್ಕ್ವಾಟ್ ಕೂಡ ನಿಮ್ಮ ವಿಡಿಯೋದಲ್ಲಿ ಚೆನ್ನಾಗಿ ಇಳಿದ ಹಾಗೆ ಕಾಣುತ್ತದೆ. ಅದೇ ಫೋನನ್ನು ಗ್ಯಾಲರಿ ಮೇಲಿನಿಂದ ಹಿಡಿದರೆ ಒಳ್ಳೆಯ ಸ್ಕ್ವಾಟ್ ಕೂಡ ಮೇಲೆಯೇ ನಿಂತ ಹಾಗೆ ಕಾಣುತ್ತದೆ. ಆಳ ನೋಡಬೇಕಾದರೆ ಪೂರ್ತಿ ಬದಿಯಿಂದ, ಕೂತಾಗ ಮಂಡಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರದಲ್ಲಿ ಫೋನ್ ಇಡಬೇಕು. ಇಬ್ಬರು ಬದಿ ರೆಫರಿಗಳಿಗೆ ಕುರ್ಚಿಯಲ್ಲಿ ಕೂತೇ ಹೆಚ್ಚು ಕಡಿಮೆ ಆ ನೋಟ ಸಿಗುತ್ತದೆ. ಎದುರಿಗೆ ಕೂತ ಮುಖ್ಯ ರೆಫರಿಗೆ ಆಳ ತೀರ್ಮಾನಿಸುವುದು ಕಷ್ಟ. ಮೊದಲ ಪ್ರಯತ್ನದ ಒಂದು ಬಿಳಿ ಮುಖ್ಯ ರೆಫರಿಯದ್ದೇ ಇರಬಹುದು ಅಂತ ನನ್ನ ಊಹೆ. ಮೂವರಲ್ಲಿ ಇಬ್ಬರು ಬಿಳಿ ಕೊಟ್ಟರೆ ಲಿಫ್ಟ್ ಪಾಸ್, ಇಬ್ಬರು ಕೆಂಪು ಕೊಟ್ಟರೆ ಫೇಲ್. ಅದು ನಿಮಗೆ ಗೊತ್ತೇ ಇದೆ.

ಕಾರ್ಡ್ ವಿಷಯ. ಸ್ಕ್ವಾಟ್‌ನಲ್ಲಿ ಕೆಂಪು ಕಾರ್ಡ್ ಅಂದರೆ ಆಳ ಮಾತ್ರ, ಬೇರೇನೂ ಅಲ್ಲ. ನೀಲಿ ಅಂದರೆ ಶುರುವಿನಲ್ಲಿ ಅಥವಾ ಕೊನೆಯಲ್ಲಿ ಮಂಡಿ ಲಾಕ್ ಮಾಡಿ ನೆಟ್ಟಗೆ ನಿಂತಿಲ್ಲ, ಇಲ್ಲಾ ಏಳುವಾಗ ಮಧ್ಯೆ ಮತ್ತೆ ಕುಸಿದಿದ್ದಾನೆ. ಹಳದಿ ಅಂದರೆ ಉಳಿದದ್ದೆಲ್ಲ: ಕಾಲು ಜರುಗಿಸಿದ್ದು, ಮೊಣಕೈ ತೊಡೆಗೆ ಊರಿದ್ದು, ಸ್ಪಾಟರ್ (ಪಕ್ಕದಲ್ಲಿ ಕಾಯುವ ಸಹಾಯಕ) ಬಾರ್ ಮುಟ್ಟಿದ್ದು, ಮುಖ್ಯ ರೆಫರಿಯ ಸಿಗ್ನಲ್ ಕಾಯದೇ ಹೋದದ್ದು.

ನಿಮ್ಮ ಹುಡುಗ ಮೂರನೇ ಸಲ ಆಳ ಹೋಗಿದ್ದಾನೆ, ಕೆಂಪು ಕಾರ್ಡ್ ಇಲ್ಲ. ಹಳದಿ ಯಾಕೆ ಅಂತ ವಿಡಿಯೋದಲ್ಲೇ ನೋಡಿ. ಎದ್ದು ನಿಂತ ಮೇಲೆ "ರ‍್ಯಾಕ್" (ಬಾರ್ ಸ್ಟ್ಯಾಂಡಿಗೆ ಇಡು) ಅನ್ನುವ ಮೊದಲೇ ಮುಂದೆ ಹೆಜ್ಜೆ ಇಟ್ಟಿದ್ದಾನಾ?

ಕಾಳಿ ಸೇತುವೆ – ಕಾರವಾರ

ಈಗಷ್ಟೇ ನೋಡಿದೆ. ಹೌದು, ಮುಖ್ಯ ರೆಫರಿ ಇನ್ನೂ ಸನ್ನೆ ಮಾಡಿಲ್ಲ, ಇವನು ಆಗಲೇ ಸ್ಟ್ಯಾಂಡ್ ಕಡೆ ಹೊರಟಿದ್ದಾನೆ. ಎರಡು ಸಲ ಕೆಂಪು ತಿಂದವನಿಗೆ ಎದ್ದ ಖುಷಿಯಲ್ಲಿ ಕಮಾಂಡ್ ಎಲ್ಲಿ ನೆನಪಿರುತ್ತದೆ ಹೇಳಿ. ಅಷ್ಟಕ್ಕೇ ಒಂದು ವರ್ಷದ ಕಷ್ಟ ನೀರುಪಾಲು ಮಾಡಬೇಕಾ?

ಘಟ್ಟದ ಮೇಲೆ – ಶಿರಸಿ

ಮಾಡಲೇಬೇಕು. ಭಾಗವತರು ಪದ ಎತ್ತುವ ಮೊದಲೇ ವೇಷ ಕುಣಿಯಲು ಶುರು ಮಾಡಿದರೆ ಯಾರಾದರೂ ಒಪ್ಪುತ್ತಾರಾ? ಕಮಾಂಡ್ ಇರುವುದು ಶಿಸ್ತು ತೋರಿಸಲಿಕ್ಕಲ್ಲ. ಭಾರ ನಿಯಂತ್ರಣದಲ್ಲಿದೆ, ದೇಹ ಅಲುಗಾಡುತ್ತಿಲ್ಲ ಅಂತ ಮುಖ್ಯ ರೆಫರಿಗೆ ಖಾತ್ರಿ ಆದ ಮೇಲೆಯೇ ಸಿಗ್ನಲ್ ಬರುತ್ತದೆ. ಸ್ಕ್ವಾಟ್‌ಗೆ ಎರಡು: "ಸ್ಕ್ವಾಟ್", "ರ‍್ಯಾಕ್". ಬೆಂಚ್‌ಗೆ ಮೂರು: "ಸ್ಟಾರ್ಟ್", "ಪ್ರೆಸ್", "ರ‍್ಯಾಕ್". ಡೆಡ್‌ಲಿಫ್ಟ್‌ಗೆ ಒಂದೇ: "ಡೌನ್". ಸ್ಕ್ವಾಟ್, ಡೆಡ್‌ಲಿಫ್ಟ್‌ನಲ್ಲಿ ಕೈಸನ್ನೆಯೂ ಇರುತ್ತದೆ. ಹಾಲ್‌ನಲ್ಲಿ ಗದ್ದಲ ಇದ್ದರೂ ಕಣ್ಣಿಗೆ ಕಾಣುತ್ತದೆ.

ನಮ್ಮ ಕಡೆ ಜಿಮ್‌ಗಳಲ್ಲಿ ಯಾರೂ ಕಮಾಂಡ್ ಹೇಳಿ ಅಭ್ಯಾಸ ಮಾಡಿಸುವುದಿಲ್ಲ. ಹುಡುಗರು ಪಟಾಪಟ್ ಕೂತು ಎದ್ದು ರ‍್ಯಾಕ್ ಮಾಡುತ್ತಾರೆ. ಮೀಟ್‌ಗೆ ಒಂದೂವರೆ ತಿಂಗಳು ಇರುವಾಗಿನಿಂದ ಭಾರದ ಸೆಟ್‌ಗಳಿಗೆಲ್ಲ ಪಕ್ಕದಲ್ಲಿ ಒಬ್ಬ ನಿಂತು ಕಮಾಂಡ್ ಹೇಳಬೇಕು, ಬೇಕಂತಲೇ ತಡ ಮಾಡಿ ಹೇಳಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಅಂಕೋಲಾ ಬೆಂಚ್

ಸ್ಕ್ವಾಟ್ ಬಿಡಿ, ಅದು ಹಳೇ ಕತೆ. ನನ್ನ ಜಗಳ ಬೆಂಚ್ ಮೇಲೆ. 2023ರಿಂದ ಹೊಸ ನಿಯಮ ತಂದಿದ್ದಾರಲ್ಲ, ಬಾರ್ ಎದೆಗೆ ತಾಗಿದಾಗ ಮೊಣಕೈಯ ಅಡಿಭಾಗ ಭುಜದ ಕೀಲಿನ ಮೇಲ್ಭಾಗಕ್ಕೆ ಸಮ ಅಥವಾ ಕೆಳಗೆ ಬರಬೇಕಂತೆ. ನಾನು ವರ್ಷಗಟ್ಟಲೆ ಬೆನ್ನು ಬಿಲ್ಲಿನ ಹಾಗೆ ಎತ್ತಿ ಅಗಲ ಹಿಡಿತದಲ್ಲಿ ಕಲಿತವನು. ಬಾರ್ ಎದೆಗೆ ತಾಗಿದರೆ ಸಾಲದಾ? ಭಾರ ಎತ್ತಿದ್ದು ನಾನು. ಮೊಣಕೈ ಅಳೆಯಲು ಇವರ್ಯಾರು?

ಕುಮಟಾ ಪಿಟಿ ಮೇಡಂ

ಅಂಕೋಲಾ ಅಣ್ಣ, ನನಗೆ ಆ ನಿಯಮ ಇಷ್ಟ. ಬೇಕಾದರೆ ಬೈಯಿರಿ.

ಮೊದಲು ಏನಾಗುತ್ತಿತ್ತು ಅಂದರೆ ತುಂಬಾ ಮೈ ಬಗ್ಗುವ ಲಿಫ್ಟರ್‌ಗಳು ಎದೆಯನ್ನು ಎಷ್ಟು ಮೇಲೆ ಎತ್ತುತ್ತಿದ್ದರು ಅಂದರೆ ಬಾರ್ ಓಡಾಡುವ ದೂರವೇ ಕೆಲವು ಬೆರಳಷ್ಟು ಉಳಿಯುತ್ತಿತ್ತು. ಕೈ ಬಗ್ಗಿದೆಯೋ ಇಲ್ಲವೋ ಅನ್ನುವಷ್ಟರಲ್ಲಿ ಲಿಫ್ಟ್ ಮುಗಿಯುತ್ತಿತ್ತು. ನಿಯಮ ಬಂದ ಮೇಲೂ ಆರ್ಚ್ ಮಾಡುವುದನ್ನು ಯಾರೂ ನಿಲ್ಲಿಸಿಲ್ಲ. ತಲೆ, ಭುಜ, ಪೃಷ್ಠ ಬೆಂಚಿಗೆ ತಾಗಿರಬೇಕು, ಪಾದ ಪೂರ್ತಿ ನೆಲಕ್ಕೆ ತಾಗಿರಬೇಕು, ಅಷ್ಟರ ಮಧ್ಯೆ ಎಷ್ಟು ಬೇಕಾದರೂ ಬೆನ್ನು ಎತ್ತಿ. ಮೊಣಕೈ ಮಾತ್ರ ಇಳಿಯಲಿ. ಸ್ಕ್ವಾಟ್‌ಗೆ ಆಳ ಇದ್ದ ಹಾಗೆ ಬೆಂಚ್‌ಗೂ ಒಂದು ಆಳ ಬಂತು.

ನನ್ನ ತಕರಾರು ಬೇರೆ. ಉದ್ದ ಕೈ ಇದ್ದವರಿಗೆ ಈ ನಿಯಮದಿಂದ ಏನೂ ಆಗುವುದಿಲ್ಲ. ಗಿಡ್ಡ ಕೈ, ದಪ್ಪ ಎದೆ ಇರುವವರು ಆರ್ಚ್ ಮಾಡದಿದ್ದರೂ ಕೆಲವು ಸಲ ಅಂಚಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅವರು ಹಿಡಿತ ಸ್ವಲ್ಪ ಕಿರಿದು ಮಾಡಬೇಕಾಗುತ್ತದೆ. ಹಿಡಿತದ ಗರಿಷ್ಠ ಅಗಲ 81 ಸೆಂಟಿಮೀಟರ್, ತೋರುಬೆರಳಿನಿಂದ ತೋರುಬೆರಳಿಗೆ. ಬಾರ್ ಮೇಲೆ ಅದಕ್ಕೇ ಗುರುತು ಇರುತ್ತದೆ. ಅಲ್ಲಿಗೇ ಹಿಡಿಯಬೇಕು ಅಂತ ಯಾರೂ ಹೇಳಿಲ್ಲ, ಅದು ಮಿತಿ ಅಷ್ಟೇ.

ಹೆಣ್ಣುಮಕ್ಕಳಿಗೆ ಒಂದು ಮಾತು, ಯಾರೂ ಹೇಳಿಕೊಡುವುದಿಲ್ಲ. ಜಡೆಯನ್ನು ತಲೆಯ ಹಿಂದೆ ದಪ್ಪ ತುರುಬು ಕಟ್ಟಿಕೊಂಡು ಬೆಂಚ್ ಮೇಲೆ ಮಲಗಬೇಡಿ. ತಲೆಯ ಹಿಂಭಾಗ ಬೆಂಚಿಗೆ ತಾಗಿದೆಯಾ ಅಂತ ರೆಫರಿಗೆ ಕಾಣಬೇಕು, ಕೂದಲು ಮುಚ್ಚಬಾರದು. ನಮ್ಮ ಮಕ್ಕಳಿಗೆ ಎರಡು ಜಡೆ ಹಾಕಿ ಬದಿಗೆ ಬಿಡಿಸುತ್ತೇನೆ.

ಅಂಕೋಲಾ ಬೆಂಚ್

ಮೇಡಂ ಹೇಳಿದರೆ ಬೈಯಲಿಕ್ಕೂ ಆಗುವುದಿಲ್ಲ. ಆದರೂ ನನಗೆ ಸಮಾಧಾನ ಇಲ್ಲ. ಎದೆಗೆ ತಾಗಿ ಬಾರ್ ನಿಂತ ಒಂದು ಕ್ಷಣದಲ್ಲಿ ಮೊಣಕೈ, ಭುಜ, ಪೃಷ್ಠ, ಪಾದ ಎಲ್ಲಾ ಒಟ್ಟಿಗೆ ನೋಡಲು ರೆಫರಿಗೆ ಎಷ್ಟು ಕಣ್ಣಿದೆ? ಪ್ಯಾರಾ ಪವರ್‌ಲಿಫ್ಟಿಂಗ್ ನೋಡಿ. ಅಂಗವಿಕಲರ ಆ ಆಟದಲ್ಲಿ ಬೆಂಚ್ ಮಾತ್ರ. ಕಾಲು ಬೆಂಚ್ ಮೇಲೆಯೇ ಚಾಚಿ ಪಟ್ಟಿ ಕಟ್ಟುತ್ತಾರೆ. "ಪ್ರೆಸ್" ಕಮಾಂಡೇ ಇಲ್ಲ. ಎದೆ ಮೇಲೆ ಬಾರ್ ನಿಂತದ್ದನ್ನು ಲಿಫ್ಟರ್ ತಾನೇ ತೋರಿಸಿ ಒತ್ತಬೇಕು. ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ, 2014ರಲ್ಲಿ ಗ್ಲಾಸ್ಗೋದಲ್ಲಿ ಸಕೀನಾ ಖಾತೂನ್ ಕಂಚು ಗೆದ್ದದ್ದು, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸುಧೀರ್ 212 ಕೆಜಿ ಎತ್ತಿ ಚಿನ್ನ ಗೆದ್ದದ್ದು ಇದೇ ಆಟದಲ್ಲಿ. ನೋಡಲಿಕ್ಕೂ ಚೆಂದ.

ಘಟ್ಟದ ಮೇಲೆ – ಶಿರಸಿ

ಅಲ್ಲಿ ಇನ್ನೂ ಕಷ್ಟ ಅಣ್ಣ. "ಪ್ರೆಸ್" ಅನ್ನುವವರಿಲ್ಲದ್ದರಿಂದ ಎಷ್ಟು ಹೊತ್ತು ನಿಲ್ಲಿಸಬೇಕು ಎನ್ನುವುದನ್ನು ಲಿಫ್ಟರ್ ತಾನೇ ಅಂದಾಜು ಮಾಡಬೇಕು. ನಿಮ್ಮ ಅವಸರಕ್ಕೆ ಅಲ್ಲಿ ಒಂದೂ ಬಿಳಿ ಬೀಳುವುದಿಲ್ಲ.

ಕಾಳಿ ಸೇತುವೆ – ಕಾರವಾರ

ಎಲ್ಲಾ ಸರಿ ಸರ್. ಆದರೆ ಭೇದಭಾವ ಇಲ್ಲವೇ ಇಲ್ಲ ಅಂತ ಮಾತ್ರ ಹೇಳಬೇಡಿ. ನಾನು ಅವತ್ತು ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ನೋಡಿದ್ದೇನೆ. ಇವನಷ್ಟೇ ಇಳಿದ ಇನ್ನೊಬ್ಬನಿಗೆ ಮೂರು ಬಿಳಿ ಬಿತ್ತು.

ಇನ್ನೊಂದು ಪ್ರಶ್ನೆ. ಜಿಮ್‌ನಲ್ಲಿ 170 ಎತ್ತುವವನಿಗೆ ಅಲ್ಲಿ 155 ಯಾಕೆ ಅಷ್ಟು ಭಾರ ಆಯಿತು ಅಂತ ತಲೆ ಕೆಡಿಸಿಕೊಂಡಿದ್ದೆವು. ಕೊನೆಗೆ ನಮ್ಮ ಜಿಮ್‌ನ ಪ್ಲೇಟ್‌ಗಳನ್ನು ಆಟೋದಲ್ಲಿ ಹಾಕಿಕೊಂಡು ಬೈತಖೋಲ್ ಬಂದರಿಗೆ ಹೋಗಿ ಮೀನು ತೂಗುವ ಯಂತ್ರದ ಮೇಲೆ ಇಟ್ಟೆವು. 20 ಅಂತ ಬರೆದ ಪ್ಲೇಟು ಒಂದು 18 ಕೆಜಿ 700 ಗ್ರಾಂ, ಅದರ ಜೋಡಿ 19 ಕೆಜಿ 200 ಗ್ರಾಂ. ಬಂಗಡೆ ಬುಟ್ಟಿ ಹಿಡಿದು ಕಾಯುತ್ತಿದ್ದ ಅಕ್ಕ "ಕಬ್ಬಿಣದಲ್ಲೂ ಮೋಸವಾ ತಮ್ಮಾ" ಅಂತ ನಕ್ಕಳು. ಮೀಟ್‌ನ ಪ್ಲೇಟ್ ಕರಾರುವಾಕ್ಕು ಇರುತ್ತದಾ?

ಘಟ್ಟದ ಮೇಲೆ – ಶಿರಸಿ

ತೂಕದ್ದು ಮೊದಲು ಹೇಳುತ್ತೇನೆ. ಅಂತರರಾಷ್ಟ್ರೀಯ ಮೀಟ್‌ನ ಪ್ಲೇಟ್ ಬರೆದ ತೂಕಕ್ಕಿಂತ ಕಾಲು ಪರ್ಸೆಂಟ್‌ಗಿಂತ ಹೆಚ್ಚು ಆಚೀಚೆ ಆಗಬಾರದು. 20 ಕೆಜಿ ಪ್ಲೇಟ್‌ಗೆ ಅದು 50 ಗ್ರಾಂ. ಬಾರ್ 20 ಕೆಜಿ, ಪ್ಲೇಟ್ ಬಿಗಿಯುವ ಎರಡು ಕಾಲರ್ ತಲಾ ಎರಡೂವರೆ, ಅಲ್ಲಿಗೇ 25 ಆಯಿತು. 155 ಅಂದರೆ ಪ್ರತಿ ಬದಿಗೆ ಎರಡು ಕೆಂಪು 25, ಒಂದು ಹಳದಿ 15. ಜಿಮ್‌ನಲ್ಲಿ ಕಾಲರ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಾರ್ 20 ಇದೆಯೋ 16 ಇದೆಯೋ ಯಾರಿಗೂ ಗೊತ್ತಿಲ್ಲ, ಪ್ಲೇಟ್ ಕತೆ ನೀವೇ ಹೇಳಿದಿರಿ. ನಿಮ್ಮ ಹುಡುಗನ 170 ನಿಜವಾಗಿ 160ರ ಆಸುಪಾಸು ಇರಬೇಕು. ಅದೂ ಪ್ಯಾರಲಲ್ ತನಕ ಮಾತ್ರ. ಅಂಥವನಿಗೆ ಪೂರ್ತಿ ಆಳಕ್ಕೆ ನಿಜವಾದ 155 ಮೊದಲ ಪ್ರಯತ್ನಕ್ಕೆ ಜಾಸ್ತಿ ಆಯಿತು. ಒಮ್ಮೆ ಪ್ರಯತ್ನಿಸಿದ ಭಾರಕ್ಕಿಂತ ಕೆಳಗೆ ಇಳಿಯಲು ಬರುವುದಿಲ್ಲ. 135ಕ್ಕೆ ಶುರು ಮಾಡಿದ್ದರೆ ಬೆಂಚ್ ತನಕವಾದರೂ ಹೋಗುತ್ತಿದ್ದ. ಮೊದಲ ಭಾರ ಬರೆದುಕೊಟ್ಟದ್ದು ಕೋಚ್ ತಾನೇ? ರೆಫರಿಗಿಂತ ಮೊದಲು ಆ ಕೋಚ್‌ನ ಹತ್ತಿರ ಕೂತು ಮಾತಾಡಿ.

ಇನ್ನು ಭೇದಭಾವ. ಇಲ್ಲ ಅಂತ ಎದೆ ತಟ್ಟಿ ಹೇಳಲಾರೆ. ಕುರ್ಚಿಯಲ್ಲಿ ಕೂತವರು ಮನುಷ್ಯರೇ. ಆದರೆ ಅದನ್ನು ಕಡಿಮೆ ಮಾಡಲಿಕ್ಕೆ ಏನೇನು ಕಟ್ಟುಪಾಡು ಇದೆ ನೋಡಿ. ಒಬ್ಬರ ತೀರ್ಪನ್ನು ನೋಡಿ ಇನ್ನೊಬ್ಬರು ಒತ್ತದಂತೆ ಮೂರೂ ಲೈಟ್ ಒಟ್ಟಿಗೇ ಬೆಳಗುತ್ತದೆ. ಯಾರು ಮುಂದಿದ್ದಾರೆ, ಯಾರಿಗೆ ಎಷ್ಟು ಬೇಕು ಅನ್ನುವ ಕಾಗದವಾಗಲೀ ಮಾತಾಗಲೀ ರೆಫರಿಯ ಹತ್ತಿರ ಬರಬಾರದು. ದೊಡ್ಡ ಸ್ಪರ್ಧೆಗಳಲ್ಲಿ ಮೇಲೆ ಜ್ಯೂರಿ ಕೂತಿರುತ್ತದೆ. ಒಬ್ಬ ರೆಫರಿ ಪದೇ ಪದೇ ತಪ್ಪು ಕೊಟ್ಟರೆ ಎಚ್ಚರಿಕೆ ಕೊಟ್ಟು, ಆಮೇಲೆ ಕುರ್ಚಿಯಿಂದ ಎಬ್ಬಿಸುವ ಅಧಿಕಾರ ಅವರಿಗಿದೆ. ದೂರು ಇದ್ದರೆ ಆಗಿಂದಾಗಲೇ ಜ್ಯೂರಿ ಅಧ್ಯಕ್ಷರಿಗೆ ಹೇಳಬೇಕು. ಮನೆಗೆ ಬಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಯಾರಿಗೂ ಮುಟ್ಟುವುದಿಲ್ಲ.

ನನಗೆ ಕಂಡ ನಿಜವಾದ ತೊಂದರೆ ಬೇರೆ. ಬೆಳಿಗ್ಗೆ ಕೂತ ರೆಫರಿ ಮಧ್ಯಾಹ್ನ ಮೂರಕ್ಕೂ ಅದೇ ಕುರ್ಚಿಯಲ್ಲಿರುತ್ತಾನೆ. ಚಹಾ ಕುಡಿಯಲೂ ಬಿಡುವಿಲ್ಲ. ಅಷ್ಟು ಹೊತ್ತಿಗೆ ಕಣ್ಣಿಗೆ ಎಲ್ಲಾ ಸ್ಕ್ವಾಟ್ ಒಂದೇ ಥರ ಕಾಣುತ್ತದೆ. ರೆಫರಿಗಳೇ ಕಡಿಮೆ. ಲಿಫ್ಟಿಂಗ್ ಬಿಟ್ಟವರು ಪರೀಕ್ಷೆ ಬರೆದು ಈ ಕಡೆ ಬರುವುದಿಲ್ಲ. ನಿಮ್ಮಂಥವರು ಬನ್ನಿ, ಆಗ ಬೈಯಲಿಕ್ಕೆ ಇನ್ನೂ ಒಳ್ಳೆ ಜಾಗ ಸಿಗುತ್ತದೆ.

ಕಾಳಿ ಸೇತುವೆ – ಕಾರವಾರ

ಅದೊಂದು ಆಗಬಹುದು. ಆದರೂ ಆ ಇನ್ನೊಬ್ಬನ ಮೂರು ಬಿಳಿ ನನಗೆ ಜೀರ್ಣ ಆಗಿಲ್ಲ ಸರ್.

ಹಳಿಯಾಳ ಮಣ್ಣು

ಡೆಡ್‌ಲಿಫ್ಟ್ ಒಂದಾದರೂ ನೆಟ್ಟಗೆ ಇದೆ ಅಲ್ವಾ? ನೆಲದಿಂದ ಎತ್ತು, ನಿಲ್ಲು, ಮುಗಿಯಿತು.

ಘಟ್ಟದ ಮೇಲೆ – ಶಿರಸಿ

ನೆಟ್ಟಗಿದೆ, ಆದರೆ ಅಲ್ಲೂ ಬಲೆ ಇದೆ. ಬಾರ್ ತೊಡೆ ಮೇಲೆ ಕೂರಿಸಿ ಚೂರು ಚೂರೇ ಜಗ್ಗಿ ಮೇಲೆ ತಂದರೆ ನೀಲಿ ಕಾರ್ಡ್. ಮಧ್ಯೆ ಬಾರ್ ಕೆಳಗೆ ಬಂದರೂ ನೀಲಿ. ಆದರೆ ಕೊನೆಗೆ ಭುಜ ಹಿಂದಕ್ಕೆ ಎಳೆಯುವಾಗ ಬಾರ್ ಒಂಚೂರು ಕೂತರೆ ಅದಕ್ಕೆ ಫೇಲ್ ಮಾಡುವಂತಿಲ್ಲ. ಹೊಸ ರೆಫರಿಗಳು ಇಲ್ಲೇ ಎಡವುತ್ತಾರೆ. ಮಂಡಿ ಲಾಕ್ ಆಗದಿದ್ದರೆ, ಭುಜ ಹಿಂದೆ ಹೋಗದಿದ್ದರೆ ಕೆಂಪು. "ಡೌನ್" ಅನ್ನುವ ಮೊದಲೇ ಇಳಿಸಿದರೆ, ಮೇಲಿನಿಂದಲೇ ಕೈ ಬಿಟ್ಟು ಬೀಳಿಸಿದರೆ ಹಳದಿ. ಜಿಮ್‌ನಲ್ಲಿ ಧಡ್ ಅಂತ ಬಿಡುವ ಚಟ ಇದೆಯಲ್ಲ, ಅದು ಮೀಟ್‌ನಲ್ಲಿ ಮೆಡಲ್ ತಿನ್ನುತ್ತದೆ.

ಮತ್ತೊಂದು ಮಜಾ. ಇಬ್ಬರ ಟೋಟಲ್ ಸಮ ಆದರೆ ಯಾರ ದೇಹದ ತೂಕ ಕಡಿಮೆಯೋ ಅವರು ಗೆಲ್ಲುತ್ತಾರೆ. ಕೊನೆಯ ಡೆಡ್‌ಲಿಫ್ಟ್ ಹೊತ್ತಿಗೆ ಕೋಚ್‌ಗಳು ಬೆಳಗಿನ ತೂಕದ ಪಟ್ಟಿ ಹಿಡಿದು ಓಡಾಡುವುದು ಇದಕ್ಕೇ. ಮೂರನೇ ಡೆಡ್‌ಲಿಫ್ಟ್‌ನ ಭಾರವನ್ನು ಎರಡು ಸಲ ಬದಲಿಸಲು ಅವಕಾಶ ಇದೆ. ಹಾಗಾಗಿ ಕೊನೆಯ ಹತ್ತು ನಿಮಿಷ ಪಕ್ಕಾ ಇಸ್ಪೀಟು.

ಹೊನ್ನಾವರ ಹೊಸಬಿ

ಎಲ್ಲರಿಗೂ ನಮಸ್ಕಾರ. ನನಗೆ 17 ವರ್ಷ. ಡಿಸೆಂಬರ್‌ನಲ್ಲಿ ಮೊದಲ ಮೀಟ್. ಇದೆಲ್ಲ ಓದಿ ಸ್ವಲ್ಪ ಹೆದರಿಕೆ ಆಗ್ತಿದೆ. ಅವತ್ತು ಏನೇನು ನೆನಪಿಟ್ಟುಕೊಳ್ಳಬೇಕು?

ಕುಮಟಾ ಪಿಟಿ ಮೇಡಂ

ಹೆದರಬೇಡ ಪುಟ್ಟಿ. ನೀನು ಸಬ್ ಜೂನಿಯರ್, 14ರಿಂದ 18ರ ವಿಭಾಗ. ಸ್ಪರ್ಧೆ ಶುರುವಾಗುವ ಎರಡು ಗಂಟೆ ಮೊದಲು ತೂಕ ತೆಗೆಯಲು ಶುರು ಮಾಡುತ್ತಾರೆ, ಒಂದೂವರೆ ಗಂಟೆ ನಡೆಯುತ್ತದೆ. ಅಲ್ಲೇ ಮೂರೂ ಲಿಫ್ಟ್‌ನ ಮೊದಲ ಭಾರ ಬರೆದುಕೊಡಬೇಕು. ಅರ್ಧ ನಿದ್ದೆಯಲ್ಲೂ ಎತ್ತುವಷ್ಟು ಬರೆ. ಹೊನ್ನಾವರದಿಂದ ಬೆಳಗಿನ ಬಸ್ಸನ್ನೇ ನಂಬಿಕೊಳ್ಳಬೇಡ, ಹಿಂದಿನ ದಿನವೇ ಹೋಗು.

ಪ್ರತಿ ಲಿಫ್ಟ್ ಮುಗಿದ ಮೇಲೆ ಮುಂದಿನ ಭಾರ ಹೇಳಲು ಒಂದೇ ನಿಮಿಷ. ಮರೆತರೆ ಪಾಸ್ ಆದವರಿಗೆ ಎರಡೂವರೆ ಕೆಜಿ ತಾನಾಗೇ ಸೇರುತ್ತದೆ, ಫೇಲ್ ಆದವರಿಗೆ ಅದೇ ಭಾರ ಉಳಿಯುತ್ತದೆ. ಹೆಸರು ಕರೆದ ಮೇಲೂ ಒಂದೇ ನಿಮಿಷ. ಆಗ ಬೆಲ್ಟ್ ಹುಡುಕುತ್ತಾ ಕೂರಬೇಡ. ಬೆಲ್ಟ್ 10 ಸೆಂಟಿಮೀಟರ್‌ಗಿಂತ ಅಗಲ ಇರಬಾರದು, 13 ಮಿಲಿಮೀಟರ್‌ಗಿಂತ ದಪ್ಪ ಇರಬಾರದು. ಆನ್‌ಲೈನ್‌ನಲ್ಲಿ ಕೊಳ್ಳುವ ಮೊದಲು ಅದು ಐಪಿಎಫ್ ಒಪ್ಪಿದ ಪಟ್ಟಿಯಲ್ಲಿದೆಯಾ ನೋಡು. ಇಲ್ಲದಿದ್ದರೆ ತಪಾಸಣೆಯಲ್ಲೇ ಪಕ್ಕಕ್ಕೆ ಇಡುತ್ತಾರೆ. ಡೆಡ್‌ಲಿಫ್ಟ್‌ಗೆ ಮೊಣಕಾಲ ಕೆಳಗಿನ ಮೂಳೆ ಮುಚ್ಚುವ ಉದ್ದ ಸಾಕ್ಸ್ ಕಡ್ಡಾಯ. ಚರ್ಮ ಕಿತ್ತು ರಕ್ತ ಬಾರ್‌ಗೆ ಹತ್ತಿದರೆ ಮುಂದಿನವರಿಗೆ ತೊಂದರೆ.

ಹೊನ್ನಾವರ ಹೊಸಬಿ

ಥ್ಯಾಂಕ್ಸ್ ಮೇಡಂ. ಡೆಡ್‌ಲಿಫ್ಟ್‌ಗೆ ಹುಡುಗರು ತೊಡೆಗೆ ಬಿಳಿ ಪೌಡರ್ ಹಚ್ಚಿಕೊಳ್ಳುವುದು ವಿಡಿಯೋದಲ್ಲಿ ನೋಡಿದೆ. ಅದಕ್ಕೆ ಒಪ್ಪಿಗೆ ಇದೆಯಾ? ಕೊಬ್ಬರಿ ಎಣ್ಣೆ ಇನ್ನೂ ಚೆನ್ನಾಗಿ ಜಾರುತ್ತದೆ ಅಂತ ನಮ್ಮ ಅಣ್ಣ ಹೇಳ್ತಾನೆ.

ಕುಮಟಾ ಪಿಟಿ ಮೇಡಂ

ಅಣ್ಣನ ಮಾತು ಕೇಳಬೇಡ! ಎಣ್ಣೆ, ಗ್ರೀಸ್, ಜಾರುವ ಯಾವುದೂ ಮೈಗೆ ಹಚ್ಚುವಂತಿಲ್ಲ. ಟಾಲ್ಕಮ್ ಪೌಡರ್ ತೊಡೆಗೆ ಹಚ್ಚಬಹುದು, ಚಾಕ್ ಕೈಗೆ ಹಚ್ಚಬಹುದು. ಬಾರ್‌ಗೆ ಏನೂ ಬಳಿಯಬಾರದು. ಪೌಡರನ್ನು ಬೇರೆಯವರಿಂದ ಹಚ್ಚಿಸಿಕೋ, ನಿನ್ನ ಅಂಗೈಗೆ ತಾಗಿದರೆ ಬಾರ್ ಕೈಯಿಂದ ಜಾರುತ್ತದೆ.

ಅಂಕೋಲಾ ಬೆಂಚ್

ಚಾಕ್ ಡಬ್ಬಿಗೆ ಒಂದು ಪೊಟ್ಟಣ ಅಕ್ಕಿ ಹಾಕಿಡು ತಂಗಿ. ನಮ್ಮ ಕಡೆಯ ತೇವಕ್ಕೆ ಅದು ಹಿಟ್ಟಿನ ಮುದ್ದೆ ಆಗಿಬಿಡುತ್ತದೆ.